ಅಮ್ಮ ಹೊಸೆದ ಹಗ್ಗ

ಅಕ್ಷರ ಕೂಡಿಸಿ ಓದಲು ಇಂದಿಗೂ ತಿಣುಕುವ ಅಂಜಲಿ ಹತ್ತನೆಯ ತರಗತಿ ಮುಗಿಸಿದಾಗ, ಕಂಪ್ಲಿಯ ಮೇಷ್ಟ್ರು ಹಂಪಿಯ ಬಳಿಯ ಬಾಳೆನಾರಿನ ಕೇಂದ್ರದಲ್ಲಿ ಅವಳಿಗೊಂದು ಕೆಲಸ ಗೊತ್ತುಮಾಡಿದರು. ಅವಳೇ ಹೊಸೆದ ಹಗ್ಗವನ್ನು ಮಾದರಿಗೆ ಕಳಿಸಬೇಕಿತ್ತು. ಮಗಳ ಹಗ್ಗ ದಪ್ಪಗಿದ್ದದ್ದು ಕಂಡು ತಾಯಿ ದುರ್ಗಕ್ಕನ ಜೀವ ತಡೆಯಲಿಲ್ಲ. ತಾನೇ ಸಣ್ಣಗೆ ಹೊಸೆದು ಕಳಿಸಿದಳು.

ಕೆಲಸಕ್ಕೆ ಸೇರುವ ದಿನ ತಾಯಿಯ ಜೊತೆ ಬಂದ ಅಂಜಲಿ ಕೇಂದ್ರದಲ್ಲೇ ಕುಳಿತು ಹೊಸೆದಳು. ಕೇಂದ್ರದ ಕೃಷ್ಣಾಬಾಯಿ ಆ ಹಗ್ಗವನ್ನೂ ಮಾದರಿಗೆ ಬಂದಿದ್ದ ಹಗ್ಗವನ್ನೂ ಹಿಡಿದು ನೋಡಿದರು.

"ಈ ಸಣ್ಣಂದು ಯಾರು ಹೊಸೆದಿದ್ದು, ದುರ್ಗಕ್ಕ?"

"ನಾನ್ರೀ... ಆಕಿದು ಭಾಳ ಒರಟು ಅಂತ..."

"ಕೆಲಸ ಬೇಕಾಗಿದ್ದು ನಿನಗೋ, ಆಕಿಗೋ? ಒರಟು ಹಗ್ಗಾನೂ ನಮಗ ಬೇಕಾಗಿತ್ತವ್ವ, ಚಾಪಿಗೆ. ನಿನ್ನ ಹಗ್ಗ ನೋಡಿ ಆಕೀನ ಸಣ್ಣ ಹಗ್ಗದ ಬುಟ್ಟಿ ಹೆಣಿಯಾಕ ತಗೊಂಡ್ವಿ, ಅದು ಆಕಿ ಕೈಲೆ ಆಗೂದಿಲ್ಲ. ಚಾಪಿ ಕೆಲಸ ನಿನ್ನೆನ ಬ್ಯಾರೆಯಾಕಿಗೆ ಕೊಟ್ಟೀವಿ."

ಅಂಜಲಿ ಇನ್ನೂ ಹೊಸೆಯುತ್ತಲೇ ಇದ್ದಳು. "ಏಳವ್ವ, ಹೋಗಾನ" ಎನ್ನಬೇಕಿದ್ದ ದುರ್ಗಕ್ಕ ಅವಳ ಪಕ್ಕ ಕುಳಿತು ನಾರಿನ ಎಳೆ ಎತ್ತಿಕೊಟ್ಟಳು.