ಅತ್ತೆಯ ಮರಾಠಿ

ನಾನು ಮದುವೆಯಾಗಿ ಪುಣೆಗೆ ಬಂದ ಮೊದಲ ವಾರದಲ್ಲೇ ನಮ್ಮ ಅತ್ತೆ ತೀರಿಕೊಂಡರೆಂದು ಇಡೀ ಕಟ್ಟಡಕ್ಕೆ ಸುದ್ದಿಯಾಯಿತು. ಸುದ್ದಿ ಕೊಟ್ಟವಳು ನಾನೇ. ಅತ್ತೆ ಆಗ ನಿಗಡಿಯ ಕಾಯಿಪಲ್ಯೆ ಮಾರ್ಕೆಟ್ಟಿನಲ್ಲಿ ಮೆಂತ್ಯೆಯ ಸಿವುಡು ಆರಿಸುತ್ತಿದ್ದರು.

ನಡೆದದ್ದು ಇಷ್ಟು. ಎದುರು ಮನೆಯ ಶೈಲಾ ವಹಿನಿ ಬಾಗಿಲಿಗೆ ಬಂದು ಏನೋ ಕೇಳಿದರು. ವಹಿನಿ ಎಂದರೆ ಇಲ್ಲಿ ಅತ್ತಿಗೆ. ನೆರೆಯ ಹೆಂಗಸರನ್ನೂ ಹಾಗೇ ಕರೆಯುತ್ತಾರೆ. ಅವರ ಮಾತಿನಲ್ಲಿ ನನಗೆ ತಿಳಿದದ್ದು 'ಆಯಿ' ಒಂದೇ. ನಮ್ಮ ಮುದ್ದೇಬಿಹಾಳದ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ನನ್ನನ್ನು ಸಾಕಿದ ಆಯಿ ಮದುವೆಗೆ ಸ್ವಲ್ಪ ಮುಂಚೆ ತೀರಿಹೋಗಿದ್ದಳು. ಅತ್ತೆ ಇವರಿಗೆ ಹೇಳಿರಬೇಕು, ಪಾಪ, ವಿಚಾರಿಸಲು ಬಂದಿದ್ದಾರೆ ಎಂದುಕೊಂಡೆ. ಕಣ್ಣು ತುಂಬಿ ಬಂತು. ಮೇಲಕ್ಕೆ ಕೈ ತೋರಿಸಿ ಅತ್ತುಬಿಟ್ಟೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂದೂ, ಅವರು ಕೇಳಿದ್ದು 'ಅತ್ತೆ ಎಲ್ಲಿ ಹೋಗಿದ್ದಾರೆ' ಎಂದೂ ನನಗೇನು ಗೊತ್ತು?

ಅತ್ತೆ ಚೀಲ ಹಿಡಿದು ಮೆಟ್ಟಿಲು ಏರಿ ಬಂದಾಗ ಬಾಗಿಲಲ್ಲಿ ಹೆಂಗಸರ ಗುಂಪು ನೆರೆದಿತ್ತು. ವಿಷಯ ತಿಳಿದ ಮೇಲೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಂತರ ನನ್ನ ಪಕ್ಕ ಕುಳಿತು ಹೇಳಿದರು:

"ಇಷ್ಟು ಲಗೂ ನನ್ನ ಕಳಿಸಬ್ಯಾಡವಾ ಸರೂ. ನಿನಗ ಇನ್ನೂ ಊರು ತೋರಿಸೂದದ."

ಅತ್ತೆಯ ಹೆಸರು ಶಾಂತಾಬಾಯಿ. ಸಾತಾರಾ ಕಡೆಯ ಹಳ್ಳಿಯ ಮರಾಠಿ ಮನೆಯವರು. ನಾನು ಬರುವ ಮೊದಲೇ ತೀರಿಹೋದ ಮಾವನವರು ಪುಣೆಯ ಖಡಕಿಯಲ್ಲಿ ಗುಮಾಸ್ತರಾಗಿದ್ದಾಗ ಮದುವೆಯಾಗಿ ಬಂದು, ಕನ್ನಡದ ಮನೆ ಸೇರಿ, ದೊಡ್ಡವರಾದ ಮೇಲೆ ಕನ್ನಡ ಕಲಿತವರು. ಇದು ನನಗೆ ಮದುವೆಗೆ ಮೊದಲೇ ಗೊತ್ತಿತ್ತು, ಆದರೆ ನೆನಪಿರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದರು. ಒಂದೇ ಒಂದು ಕಡೆ ಎಡವುತ್ತಿದ್ದರು. "ಚಹಾ ಆರ್ಯಾನ, ಲಗೂ ಕುಡಿ" ಎನ್ನುವರು. ಚಹಾ ಯಾವ ಗಂಡಸು ಎಂದು ನಾನು ನಗುತ್ತಿದ್ದೆ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ನನ್ನ ಪುಣೆ ಎಂದರೆ ಎರಡು ಕೋಣೆ, ಒಂದು ಗ್ಯಾಲರಿ, ಮತ್ತು ಅತ್ತೆ. ಗಂಡ ಬೆಳಗಾಗುವ ಮೊದಲೇ ಕಂಪನಿಯ ಬಸ್ಸು ಹಿಡಿದರೆ ಬರುವುದು ದೀಪ ಹಚ್ಚಿದ ಮೇಲೆ. ಊರಿನಲ್ಲಿ ನಾವು ಅಂಗಳಕ್ಕೆ ಬಂದರೆ ಓಣಿಯೆಲ್ಲ ಮಾತಾಡಿಸುತ್ತಿತ್ತು. ಇಲ್ಲಿ ಬಾಗಿಲು ತೆರೆದರೆ ಇನ್ನೊಂದು ಮುಚ್ಚಿದ ಬಾಗಿಲು. ಇಲ್ಲಿನ ಭಾಕರಿಯೂ ಜೋಳದ್ದೇ, ಆದರೆ ನಮ್ಮ ರೊಟ್ಟಿಯ ಹಾಗೆ ಬಡಿದು ತೆಳ್ಳಗೆ ಮಾಡುವುದಿಲ್ಲ, ದಪ್ಪ, ಮೆತ್ತಗೆ. ಒಣಗಿಸಿಟ್ಟ ರೊಟ್ಟಿ ಮುರಿಯುವ ಸದ್ದು ಕೇಳಲು ಕೂಡ ನನ್ನ ಕಿವಿ ಕಾಯುತ್ತಿತ್ತು. ಮಧ್ಯಾಹ್ನ ನಾನೂ ಅತ್ತೆಯೂ ಗ್ಯಾಲರಿಯಲ್ಲಿ ಕುಳಿತು ಕನ್ನಡದಲ್ಲಿ ಹರಟುತ್ತಿದ್ದೆವು. ಹೊರಗಿನ ಮಾತೆಲ್ಲ ಅವರದೇ: ಹಾಲಿನವನು, ಶಾಲೆ, ಡಾಕ್ಟರು. ನಮ್ಮ ಭಾಗದ ಕನ್ನಡಿಗರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಅಲ್ಲಿನ ಹೆಂಗಸರೂ ಮರಾಠಿ ಯಾಕೆ ಬೇಕು, ಮಾರ್ಕೆಟ್ಟಿನಷ್ಟು ಬಂದರೆ ಸಾಕು ಎನ್ನುತ್ತಿದ್ದರು. ನನಗೂ ಅದೇ ಸುಖವಾಗಿತ್ತು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾರ್ಕೆಟ್ಟಿನ ಮರಾಠಿಯಲ್ಲೇ ಕಳೆದುಬಿಟ್ಟೆ. ಮಗಳು ಹುಟ್ಟಿ, ಶಾಲೆಗೆ ಹೋಗಿ, ನನಗಿಂತ ಚೆನ್ನಾಗಿ ಮರಾಠಿ ಕಲಿತಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಗ್ಗೆ ಅತ್ತೆ ತುಳಸಿಗೆ ನೀರು ಹಾಕುತ್ತ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಒಂದೊಂದೇ ಮರಳತೊಡಗಿತು. ಮೊದಲ ಮಾತು 'ಪಾಣೀ'. ನೀರು ಕೇಳಿದರಲ್ಲ ಎಂದು ಹಿಗ್ಗಿದೆ. ಆಮೇಲೆ ಬಂದದ್ದೂ ಮರಾಠಿಯೇ. ಕನ್ನಡ ಬರಲೇ ಇಲ್ಲ. ನಾನು "ಅತ್ತಿ, ಊಟ ಮಾಡ್ತೀರೇನು" ಎಂದರೆ, ಪರಿಚಯದ ಮುಖ ಕಂಡು ಹೆಸರು ನೆನಪಾಗದವರ ಹಾಗೆ ನನ್ನನ್ನೇ ನೋಡುವರು. ತಲೆಗೆ ಪೆಟ್ಟಾದಾಗ ಒಮ್ಮೊಮ್ಮೆ ಹೀಗಾಗುತ್ತದೆ, ಆಮೇಲೆ ಕಲಿತದ್ದು ಹೋಗಿ ಹುಟ್ಟುಭಾಷೆ ಉಳಿಯುತ್ತದೆ, ಮರಳಿ ಬಂದರೂ ಬರಬಹುದು ಎಂದರು ಡಾಕ್ಟರು.

ಗಂಡನಿಗೆ ಆಗ ದೂರದ ರಾಂಜಣಗಾಂವದ ಕಾರ್ಖಾನೆಗೆ ವರ್ಗವಾಗಿತ್ತು, ಮನೆಗೆ ಬರುವುದು ರಾತ್ರಿಯೇ. ಸಂಜೆ ಮಗಳು ಬಂದು ಅಜ್ಜಿಯ ಮಾತನ್ನು ನನಗೆ ದಾಟಿಸುವವರೆಗೆ ನಾವಿಬ್ಬರೂ ಮೂಕಿಯರು.

ಒಂದು ಮಧ್ಯಾಹ್ನ ಅತ್ತೆ "ವಾಜತೇ, ವಾಜತೇ" ಎನ್ನತೊಡಗಿದರು. ವಾಜತೇ ಎಂದರೆ ಬಾರಿಸುತ್ತದೆ, ಸದ್ದಾಗುತ್ತದೆ. ಎಷ್ಟು ಗಂಟೆ ಎಂದು ಕೇಳಲೂ ಇಲ್ಲಿ ಅದೇ ಮಾತು. ನಾನು ಗಡಿಯಾರ ತೋರಿಸಿದೆ. ಅಲ್ಲ ಎಂದು ತಲೆ ಅಲ್ಲಾಡಿಸಿದರು. ಫೋನು ನೋಡಿದೆ, ಬಾಗಿಲು ತೆರೆದು ನೋಡಿದೆ. ಅವರು ಇನ್ನೂ ಅದನ್ನೇ ಹೇಳುತ್ತ ಅಳತೊಡಗಿದರು. ಓಡಿಹೋಗಿ ಶೈಲಾ ವಹಿನಿಯನ್ನು ಕರೆತಂದೆ. ಅವರು ಬಗ್ಗಿ ಕೇಳಿಸಿಕೊಂಡು, ಹಣೆ ಮುಟ್ಟಿ, ತಾವೇ ಕಪಾಟಿನಿಂದ ರಗ್ಗು ಎಳೆದು ಹೊದಿಸಿದರು. ಮರಾಠಿಯಲ್ಲಿ ಚಳಿ 'ಬಾರಿಸುತ್ತದೆ': ಥಂಡೀ ವಾಜತೇ. ಅತ್ತೆಯ ತೊದಲುವ ನಾಲಿಗೆಯಲ್ಲಿ ಥಂಡೀ ನನಗೆ ಕೇಳಿಸಿರಲಿಲ್ಲ. ಅವರು ಜ್ವರದಲ್ಲಿ ನಡುಗುತ್ತಿದ್ದರು, ನಾನು ಬಾಗಿಲ ಬಳಿ ನಿಂತಿದ್ದೆ.

ಮರುದಿನದಿಂದ ನಾನು ಮರಾಠಿಗೆ ಕುಳಿತೆ.

ಮಾತು ರೂಢಿ ಮಾಡಿಸಲೆಂದು ಆಸ್ಪತ್ರೆಯವರು ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದರು. ಅವು ಅತ್ತೆಗೆ ಬಿದ್ದುಹೋದ ಮಾತು ಎತ್ತಿಕೊಳ್ಳಲು, ನನಗೆ ಇಲ್ಲದ ಮಾತು ಪಡೆಯಲು. ನಾನು ಚಿತ್ರ ಹಿಡಿಯುವೆ, ಅವರು ತಡಕಾಡಿ ಹೆಸರು ಹೇಳುವರು, ನಾನು ಹಿಂದೆಯೇ ಹೇಳುವೆ. ಹೆಸರು ಕಲಿಯುವುದು ಸುಲಭ. ಕಷ್ಟವಾದದ್ದು ಬೇರೆ. ಮನುಷ್ಯರನ್ನು ಬಿಟ್ಟರೆ ನಮ್ಮಲ್ಲಿ ಎಲ್ಲವೂ 'ಅದು'. ಮರಾಠಿಯಲ್ಲಿ ಭಾಕರಿ ಹೆಣ್ಣು, ನೀರು ನಪುಂಸಕ, ಚಹಾ ಗಂಡು. ಅತ್ತೆಯ ಚಹಾ ಇಷ್ಟು ವರ್ಷ ಯಾಕೆ ಗಂಡಸಾಗಿತ್ತೆಂದು ಆಗ ತಿಳಿಯಿತು. ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ಒಂದು ದಿನ ನಾನು ತಟ್ಟೆ ಮುಂದಿಟ್ಟು ಭಾಕರಿಯನ್ನು 'ತೇ', ಅಂದರೆ 'ಅದು', ಎಂದೆ. ಅದುವರೆಗೆ ಒಂದೆರಡು ಪದ ಮಾತ್ರ ಆಡುತ್ತಿದ್ದ ಅತ್ತೆ ಹುಬ್ಬು ಗಂಟಿಕ್ಕಿ, ಎಡಗೈ ಎತ್ತಿ, ಸ್ಪಷ್ಟವಾಗಿ ಹೇಳಿದರು:

"ತೇ ನಾಹೀ, ತೀ ಭಾಕರೀ."

'ಅದು' ಅಲ್ಲ, ಭಾಕರಿ 'ಅವಳು'. ಅವರ ಮೊದಲ ಪೂರ್ತಿ ವಾಕ್ಯ ನನ್ನ ತಪ್ಪಿನಿಂದ ಹುಟ್ಟಿತು. ಆ ರಾತ್ರಿ ಗಂಡ ಬಂದ ಕೂಡಲೇ ಬಾಗಿಲಲ್ಲೇ ಹೇಳಿದೆ.

ಆದರೆ ಮರಾಠಿ ಬರುತ್ತ ಹೋದಂತೆ ಮನೆಯಲ್ಲಿ ಹಗಲಿನ ಕನ್ನಡ ನಿಂತೇಹೋಯಿತು. ನಮ್ಮ ಕಟ್ಟಡದ ಪಕ್ಕ ಹೊಸದೊಂದು ಏಳುತ್ತಿತ್ತು. ಕೆಲಸದ ಹೆಂಗಸರು ಸುರಪುರ, ಶಹಾಪುರ ಕಡೆಯವರು. ಅತ್ತೆ ಮಲಗಿದಾಗ ನಾನು ಗ್ಯಾಲರಿಗೆ ಬಂದು ಅವರ ಮಾತು ಕೇಳುತ್ತ ನಿಲ್ಲುತ್ತಿದ್ದೆ. ಬುಟ್ಟಿಯ ಮಾತು, ಕೂಸಿನ ಮಾತು, ಮೇಸ್ತ್ರಿಯನ್ನು ಬೈಯುವ ಮಾತು, ಏನಾದರೂ ಸರಿ. ಒಮ್ಮೆ ನೀರಿನ ಕೊಡ ಹಿಡಿದು ಕೆಳಗಿಳಿದೆ. ಭೀಮವ್ವ ಎಂಬಾಕೆ ಬೊಗಸೆಯೊಡ್ಡಿ ಕುಡಿದು, ಬಾಯಿ ಒರೆಸಿಕೊಂಡು, "ನಮ್ಮ ಕಡಿಯಾಕಿ ಇದ್ದಂಗ ಅದಿಯಲ್ಲವಾ" ಎಂದಳು. ಹೌದೆಂದು ಮುಂದಿನವಳ ಬೊಗಸೆಗೆ ನೀರು ಸುರಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಟ್ಟಡ ಮುಗಿಯಿತು. ಅವರೆಲ್ಲ ಬೇರೆಲ್ಲಿಗೋ ಹೋದರು. ಅಲ್ಲಿ ಪರದೆ ಹಾಕಿದ ಕಿಟಕಿಗಳು ಬಂದವು.

ಅತ್ತೆಯ ಮಾತು ಮಾತ್ರ ದಿನೇದಿನೇ ಉದ್ದವಾಯಿತು. ಕನ್ನಡದಲ್ಲಿ ಎಂದೂ ಹೇಳದ ಸಂಗತಿಗಳು ಬಂದವು. ಒಂದು ದಿನ ಅವರ ತಲೆ ಬಾಚುತ್ತಿದ್ದೆ. ಖಡಕಿಯ ಮನೆಯಲ್ಲಿ ತಮ್ಮ ಅತ್ತೆ ಹಾಕಿದ ಕಟ್ಟಳೆಯನ್ನು ಹೇಳಿದರು: ಹೊಸ್ತಿಲೊಳಗೆ ಕನ್ನಡ ಮಾತ್ರ. ಮರಾಠಿ ಆಡಿದರೆ ಆ ಮುದುಕಿ ಉತ್ತರವನ್ನೇ ಕೊಡುತ್ತಿರಲಿಲ್ಲವಂತೆ. ಮಗ ಹುಟ್ಟಿದ ಮೇಲೂ ಹಾಗೇ ನಡೆಯಿತಂತೆ. ಬಾಚಣಿಗೆ ಹಿಡಿದ ನನ್ನ ಕೈಯನ್ನು ಹಿಡಿದುಕೊಂಡು ಹೇಳಿದರು:

"ಬಾಳಾಶೀ ಮೀ ಮಾಝ್ಯಾ ಭಾಷೇತ ಕಧೀ ಬೋಲಲೇಚ ನಾಹೀ."

ಕೂಸಿನೊಂದಿಗೆ ನಾನು ನನ್ನ ಭಾಷೆಯಲ್ಲಿ ಎಂದೂ ಮಾತಾಡಲೇ ಇಲ್ಲ. ನಾನು ಹತ್ತು ವರ್ಷ ಸುಖವಾಗಿ ಕುಳಿತಿದ್ದ ಕನ್ನಡ ಅವರಿಗೆ ಹೀಗೆ ಬಂದದ್ದು. ನನಗೆ ಊರಿನ ನೆರಳಾದ ಆ ಮಧ್ಯಾಹ್ನಗಳಲ್ಲಿ ಅವರು ತಮ್ಮ ಊರಿನಿಂದ ದೂರವೇ ಕುಳಿತಿದ್ದರು.

ಗಂಡನಿಗೆ ಇದನ್ನು ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಭಾನುವಾರ ಹೇಳಿದೆ. ಅವರು ಓಣಿಯಲ್ಲಿ, ಶಾಲೆಯಲ್ಲಿ ಮರಾಠಿ ಕಲಿತವರು. ತಾಯಿಯಿಂದಲ್ಲ. ಎದ್ದು ಹೋಗಿ ಅತ್ತೆಯ ಮಂಚದ ಮೇಲೆ ಕುಳಿತರು. ತಲೆ ಅರ್ಧ ನರೆತ ಮಗನ ಕೆನ್ನೆ ಸವರಿ ಅತ್ತೆ "ಮಾಝಾ ಬಾಳ" ಎಂದರು. ನನ್ನ ಕೂಸು. ನಾನು ಅಡಿಗೆ ಮನೆಗೆ ಹೋದೆ. ಒಳಗಿನಿಂದ ಇಬ್ಬರ ದನಿಯೂ ಬಹಳ ಹೊತ್ತು ಕೇಳುತ್ತಿತ್ತು.

ಆಮೇಲೆ ಕೆಲವು ವರ್ಷ ಅತ್ತೆ ಬದುಕಿದರು. ಕನ್ನಡ ಮರಳಲಿಲ್ಲ. ದಣಿದಾಗ "ಆತಾ ತೂ ಬೋಲ" ಎನ್ನುತ್ತಿದ್ದರು. ಈಗ ನೀನು ಮಾತಾಡು. ನಾನು ಮುದ್ದೇಬಿಹಾಳದ ಕಥೆ ಹೇಳುತ್ತಿದ್ದೆ, ನನ್ನ ಅಪ್ಪನ ಸಿಟ್ಟು, ನಮ್ಮ ಬೇವಿನ ಗಿಡ, ಎಲ್ಲವನ್ನೂ ಮರಾಠಿಯಲ್ಲಿ.

ಅವರು ಹೋದಾಗ ಸಾತಾರಾ ಕಡೆಯಿಂದ ಅವರ ಅಣ್ಣ ಬಂದರು. ನನ್ನ ಮುಂದೆ ಕುಳಿತು "ಆಪಲೀ ಶಾಂತಾ ಗೇಲೀ" ಎಂದರು. ನಮ್ಮ ಶಾಂತಾ ಹೋದಳು. ಮರಾಠಿಯಲ್ಲಿ 'ನಮ್ಮ' ಎನ್ನಲು ಎರಡು ಮಾತಿವೆ. ಒಂದು ಕೇಳುವವರನ್ನು ಹೊರಗಿಡುತ್ತದೆ, ಇನ್ನೊಂದು ಸೇರಿಸಿಕೊಳ್ಳುತ್ತದೆ. ಅವರು ಆಡಿದ್ದು ಎರಡನೆಯದು. ಅದುವರೆಗೆ ತಡೆದಿದ್ದ ಅಳು ಆಗ ಬಂತು.

ತಿಂಗಳು ಕಳೆದ ಮೇಲೆ ತವರಿಗೆ ಹೋದೆ. ತಟ್ಟೆಯ ತುಂಬ ಒಣಗಿದ ಕಟಕ್ ರೊಟ್ಟಿ, ಕಿವಿಯ ತುಂಬ ಕನ್ನಡ. ಅಣ್ಣ, "ಅತ್ತಿ ಕಡೀಗೆ ಏನಂತಿದ್ರವಾ?" ಎಂದು ಕೇಳಿದ. ಹೇಳಹೋದರೆ ಮಾತುಗಳೆಲ್ಲ ಮರಾಠಿಯಲ್ಲಿ ಬಂದು ನಿಂತವು. ಒಂದೊಂದನ್ನೇ ಕನ್ನಡ ಮಾಡಿ ಹೇಳಿದೆ. ಅವನಿಗೆಲ್ಲ ತಿಳಿಯಿತು. ಆದರೆ ನನಗೆ, ಯಾರೋ ಬೇರೆ ಅತ್ತೆಯ ಬಗ್ಗೆ ಹೇಳಿದ ಹಾಗಾಯಿತು. ಇಷ್ಟು ವರ್ಷ ಹಂಬಲಿಸಿದ ಮನೆಯಲ್ಲಿ ಕುಳಿತು, ಯಾರಾದರೂ ಬಂದು ಒಂದು ಮಾತು ಮರಾಠಿಯಲ್ಲಿ ಕೇಳಬಾರದೇ ಎನಿಸಿತು.

ಮರಳುವಾಗ ಸೊಲ್ಲಾಪುರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿನ ಸ್ಟ್ಯಾಂಡಿನಲ್ಲಿ ಪೇರಲೆ ಹಣ್ಣು ಮಾರುವವಳು ಒಬ್ಬರಿಗೆ ಮರಾಠಿಯಲ್ಲಿ, ಮುಂದಿನವರಿಗೆ ಕನ್ನಡದಲ್ಲಿ ದರ ಹೇಳುತ್ತಿದ್ದಳು. ಬೆಂಚಿನ ಮೇಲೆ ನನ್ನ ಎಡಕ್ಕೆ ಒಂದು ಭಾಷೆ, ಬಲಕ್ಕೆ ಒಂದು. ಪುಣೆಯ ಬಸ್ಸು ಬಂತು, ಜನ ನುಗ್ಗಿ ಹತ್ತಿದರು. ಕಂಡಕ್ಟರು ನನ್ನತ್ತ ನೋಡಿ ಬರುತ್ತೀರೇನು ಎಂದು ಕೈ ಸನ್ನೆ ಮಾಡಿದ. ಮುಂದಿನದಕ್ಕೆ ಬರುತ್ತೇನೆ ಎಂದೆ. ಪೇರಲೆ ಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಲ್ಲೇ ಕುಳಿತೆ.