ಗೋಳಗುಮ್ಮಟದಲ್ಲಿ ಮಗ್ಗದ ಮಾತು

ವಿಜಯಪುರಕ್ಕೆ ಹೋಗೋಣವೆಂದು ಹಟ ಹಿಡಿದವನು ನಮ್ಮ ಸೀರೆ ವ್ಯಾಪಾರದ ಗೆಳೆಯ. ಅವನಿಗೆ ಗುಮ್ಮಟ ನೋಡುವ ಹುಚ್ಚೇನೂ ಇರಲಿಲ್ಲ. ಮಗ್ಗದ ಗೆಳೆಯನನ್ನು ಹೇಗಾದರೂ ಮಾಡಿ ಮನೆಯಿಂದ ಹೊರಗೆ ತರಬೇಕಿತ್ತು, ಅಷ್ಟೇ.

ನಾವು ಮೂವರೂ ರಬಕವಿಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಒಂದೇ ಪಾವರ್‌ಲೂಮ್ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತವರು. ಮುಂದೆ ಒಬ್ಬ ಸೀರೆ ಮಾರಲು ಹೋದ, ನಾನು ಕಿರಾಣಿ ಅಂಗಡಿ ಹಾಕಿದೆ, ಮೂರನೆಯವನು ಮಾತ್ರ ಮಗ್ಗ ಬಿಡಲಿಲ್ಲ. ಆ ಸಪ್ಪಳ ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತು. ಮಕ್ಕಳು ಕಿವಿಗೆ ಮಷೀನು ತಂದುಕೊಟ್ಟರು. ಅದರಲ್ಲಿ ಬರೀ ಗುಂಯ್ ಅನ್ನುತ್ತದೆಂದು ತೆಗೆದಿಟ್ಟ.

ರವಿವಾರ ಸಂಜೆ ಚಹಾದಂಗಡಿಯ ಕಟ್ಟೆಯ ಮೇಲೆ ಮೂವರೂ ಕೂಡುವುದು ನಮ್ಮ ಮದುವೆಗಳಿಗಿಂತ ಹಳೆಯ ರೂಢಿ. ಅವನು ಮೊದಲು ಅಪರೂಪಕ್ಕೆ ತಪ್ಪಿಸಿದ, ಆಮೇಲೆ ಅಪರೂಪಕ್ಕೆ ಬಂದ, ಕಡೆಗೆ ಬರುವುದನ್ನೇ ಬಿಟ್ಟ. ಕರೆಯಲು ಹೋದರೆ, "ನೀವು ಹೋಗ್ರಿ. ನಾ ಬಂದ್ರ ನಿಮಗ ತ್ರಾಸ," ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಮನುಷ್ಯ ಎರಡು ಓಣಿ ಆಚೆಗೇ ಇದ್ದಾನೆ, ಆದರೆ ಇಲ್ಲ. ಹೀಗೆ ಬಿಟ್ಟರೆ ಇವನು ನಮ್ಮ ಕೈ ತಪ್ಪಿಯೇ ಹೋಗುತ್ತಾನೆ ಅನ್ನಿಸಿತ್ತು.

ಸೀರೆ ಗೆಳೆಯ ಒಂದು ಉಪಾಯ ತಂದ. "ಗುಮ್ಮಟದಾಗ ಗ್ವಾಡಿಗಿ ಬಾಯಿ ಇಟ್ಟು ಗುಸುಗುಸು ಅಂದ್ರೂ ಆ ಕಡೀಗಿ ಕೇಳಸ್ತೈತಿ. ಅದೂ ಏಳ ಸಲ! ಏಳರಾಗ ಒಂದರ ಇವನ ಕಿವ್ಯಾಗ ಬೀಳಂಗಿಲ್ಲೇನಲೇ?"

"ನಿನಗ ತಲಿ ಕೆಟ್ಟೈತಿ," ಅಂದೆ. ಆದರೂ ಶನಿವಾರ ನಸುಕಿಗೆ ಅವನ ಕಾರಿನಲ್ಲಿ ಹೋಗಿ ಕೂತವನೂ ನಾನೇ. ಮಗ್ಗದ ಗೆಳೆಯ ಒಲ್ಲೆ ಒಲ್ಲೆ ಅನ್ನುತ್ತಿರುವಾಗಲೇ ಅವನ ಹೆಂಡತಿ ರೊಟ್ಟಿಯ ಬುತ್ತಿ ತಂದು ಕಾರಿನಲ್ಲಿಟ್ಟು, "ಕರ್ಕೊಂಡ ಹೋಗ್ರಿ ಅಣ್ಣಾರ, ದಿನಾ ಮನ್ಯಾಗ ಗ್ವಾಡಿ ನೋಡ್ಕೋತ ಕುಂದರ್ತಾರ," ಅಂದಳು.

ಜಮಖಂಡಿಯಲ್ಲಿ ನಾಷ್ಟಾ ಮಾಡಿ ಮುಂದೆ ಹೊರಟೆವು. ಚಿಕ್ಕಪಡಸಲಗಿ ಸೇತುವೆಯ ಮೇಲೆ ಕೃಷ್ಣೆ ಎರಡೂ ದಂಡೆ ತುಂಬಿ ನಿಂತಿದ್ದಳು. "ನೀರ ನೋಡಲೇ!" ಎಂದು ನಾನು ಹಿಂದಕ್ಕೆ ತಿರುಗಿ ಕೂಗಿದೆ. ಮಗ್ಗದ ಗೆಳೆಯ ನನ್ನ ಮುಖವನ್ನೇ ನೋಡಿದ, ನೀರು ನೋಡಲಿಲ್ಲ. ಇಬ್ರಾಹಿಂ ರೋಜಾದಲ್ಲಿ ಕೈ ಬೆನ್ನಿಗೆ ಕಟ್ಟಿಕೊಂಡು ನಮ್ಮಿಂದ ದೂರವೇ ನಡೆದ. ಬುರುಜಿನ ಮೇಲಿನ ದೊಡ್ಡ ತೋಪಿನ ಹತ್ತಿರ ಸೀರೆ ಗೆಳೆಯ, "ಇದನ್ನ ಹಾರಿಸಿದ್ರೂ ಇವಂಗ ಕೇಳಂಗಿಲ್ಲ," ಎಂದು ನಕ್ಕ. ನಾವು ನಗುವುದನ್ನು ಕಂಡು ಅವನೂ ನಕ್ಕ, ತಡವಾಗಿ.

ರಾತ್ರಿ ವಿಜಯಪುರದಲ್ಲೇ ಉಳಿದು ಮರುದಿನ ಬೆಳಗ್ಗೆ ಬೇಗ ಹೋದರೆ ಗುಮ್ಮಟದಲ್ಲಿ ಗದ್ದಲವಿರುವುದಿಲ್ಲ ಎಂದು ಮಾತಾಗಿತ್ತು. ಆದರೆ ಸೀರೆ ಗೆಳೆಯ ದಾಡಿ ಮಾಡಿಕೊಂಡು ಮುಗಿಸಬೇಕಲ್ಲ! ನಾವು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಮುಗಿಸುವ ಹೊತ್ತಿಗೆ ಎರಡು ಶಾಲೆಗಳ ಮಕ್ಕಳು ಮೇಲಿನ ದುಂಡು ಗ್ಯಾಲರಿಯಲ್ಲಿ ಸೇರಿದ್ದರು. ಚಪ್ಪಾಳೆ, ಸಿಳ್ಳೆ, ಕೂಗು. ಮಗ್ಗದ ಗೆಳೆಯನನ್ನು ಬಾಗಿಲ ಹತ್ತಿರ ಗೋಡೆಗೆ ಕಿವಿ ಹಚ್ಚಿ ಕೂರಿಸಿ, ನಾವಿಬ್ಬರೂ ಸುತ್ತು ಹಾಕಿ ಅವನ ಎದುರಿನ ಗೋಡೆಗೆ ಹೋದೆವು.

ನಾನು ಗೋಡೆಗೆ ಬಾಯಿ ಇಟ್ಟು, "ಕೇಳಸ್ತೈತೇನೋ?" ಅಂದೆ. ಅವನು ತಲೆ ಅಲ್ಲಾಡಿಸಿದ. ಮತ್ತೆ ಅಂದೆ, ಮತ್ತೆ ಇಲ್ಲ. ಸೀರೆ ಗೆಳೆಯನಿಗೆ ತಾಳ್ಮೆಯೆಂಬುದು ಹುಟ್ಟಿನಿಂದಲೇ ಇಲ್ಲ. ಎದೆ ತುಂಬ ಉಸಿರು ಎಳೆದು ಒಮ್ಮೆ ಒದರಿದ ನೋಡಿ, ಗುಮ್ಮಟವೇ ಮೈಮೇಲೆ ಬಿದ್ದ ಹಾಗಾಯಿತು. ಮಕ್ಕಳಿಗೆ ಅಷ್ಟು ಸಾಕು, ಅವರೂ ಕೂಡಿಕೊಂಡರು. ಮಗ್ಗದ ಗೆಳೆಯ ಎರಡೂ ಕಿವಿ ಮುಚ್ಚಿಕೊಂಡು ಎದ್ದ. ಮಾತು ಕೇಳದ ಕಿವಿಗೂ ಅಂಥ ಸಪ್ಪಳ ನೋವು ಕೊಡುತ್ತದೆ. ಎದ್ದವನು ಮೆಟ್ಟಿಲಿನ ಬಾಗಿಲಿನತ್ತ ನಡೆದ.

ಈಗ ಇಳಿದು ಹೋದನೆಂದರೆ ಮುಗಿಯಿತು, ಇನ್ನು ಯಾವ ರವಿವಾರಕ್ಕೂ ಇವನು ಬರುವುದಿಲ್ಲ ಅನ್ನಿಸಿತು. ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಬಾಗಿಲಲ್ಲಿ ಅವನು ಒಮ್ಮೆ ತಿರುಗಿ ನೋಡಿದ. ಆ ಕ್ಷಣ ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದು, ಗಾಳಿಯಲ್ಲಿ ಒಂದು ಎಳೆ ಹಿಡಿದು ಪಟ್ಟನೆ ಹರಿದವು.

ಶೆಡ್ಡಿನಲ್ಲಿ ಅದು ನಮ್ಮ ಮಾತು. ಅಷ್ಟು ಮಗ್ಗಗಳ ಸಪ್ಪಳದಲ್ಲಿ ದನಿ ಯಾರಿಗೂ ಕೇಳುವುದಿಲ್ಲ. ತುಟಿ ನಿಧಾನ ಆಡಿಸಿ, ಕೈ ಮಾಡಿಯೇ ಎಲ್ಲ ನಡೆಯಬೇಕು. ಎಳೆ ಹರಿದ ಹಾಗೆ ಮಾಡಿದರೆ, ನೂಲು ಹರಿದಿದೆ, ಮಗ್ಗ ನಿಲ್ಲಿಸು ಎಂದು ಅರ್ಥ.

ಅವನು ನಿಂತ. ನಿಂತದ್ದಷ್ಟೇ ಅಲ್ಲ, ಬಲಗೈ ತಟ್ಟನೆ ಮುಂದೆ ಹೋಗಿ ಇಲ್ಲದ ಹಿಡಿಕೆಯನ್ನು ಎಳೆದು ಇಲ್ಲದ ಮಗ್ಗವನ್ನು ನಿಲ್ಲಿಸಿತು. ಆಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡು ನಗತೊಡಗಿದ. ಪಕ್ಕದಲ್ಲಿ ಮಕ್ಕಳನ್ನು ಗದರಿಸುತ್ತಿದ್ದ ಕಾವಲುಗಾರನ ಕಡೆ ಕಣ್ಣು ಹೊರಳಿಸಿ ಮೀಸೆ ತಿರುವಿದ. ಮಾಲಕ ಬಂದ, ಹುಷಾರ್ ಎಂದು ಅದರ ಅರ್ಥ. ಸೀರೆ ಗೆಳೆಯ ಹೆಬ್ಬೆರಳು ಬಾಯಿಗೆ ತಂದು ಚಹಾ ಕೇಳಿದ. ನಿನ್ನ ರೊಕ್ಕದ್ದು ಕುಡಿ ಎಂದು ಅವನು ಜೇಬು ಬಡಿದು ತೋರಿಸಿದ. ಗುಮ್ಮಟದ ತುಂಬ ಜನ ಕೂಗಿ ಕೂಗಿ ಕಿವುಡಾಗಿದ್ದರು. ಮಾತಾಡುತ್ತಿದ್ದವರು ನಾವು ಮೂವರೇ. ನನ್ನ ಕಣ್ಣು ತುಂಬಿ ಬಂತು. ಹೊಟ್ಟೆಪಾಡಿಗೆಂದು ಕಲಿತ ಆ ಶೆಡ್ಡಿನ ಮಾತಿಗೆ, ಅದನ್ನು ಮರೆಯದ ನನ್ನ ಕೈಗಳಿಗೆ, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ ಅವನಿಗೆ ನಾನು ಋಣಿ.

ಕೆಳಗಿಳಿದು ಬೇವಿನ ಮರದ ನೆರಳಲ್ಲಿ ಬುತ್ತಿಯಲ್ಲಿ ಉಳಿದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಅವನು ತಿನ್ನುತ್ತ ತಿನ್ನುತ್ತ ಕೇಳಿದ, "ಇಷ್ಟ ದಿನ ಯಾಕ ಹಿಂಗ ಮಾತಾಡಲಿಲ್ಲಲೇ?"

"ನಿನಗ ಕೇಳಂಗಿಲ್ಲಂತ ಒದರತಿದ್ವಿ," ಎಂದು ದನಿಯಿಲ್ಲದೆ ತುಟಿ ಆಡಿಸಿದೆ.

"ಒದರೂದೇನ ಕೇಳಸ್ತಿತ್ತು ನನಗ? ಮಾರಿ ಅಷ್ಟ ಕಾಣತಿತ್ತು. ಹುಬ್ಬ ಗಂಟ ಹಾಕ್ಕೊಂಡು, ಕೊರಳಿನ ನರ ಉಬ್ಬಿಸಿಕೊಂಡು. ಇವರಿಗಿ ನಾ ಸಾಕಾಗೇನಿ, ಬೈಯಾಕತ್ತಾರ, ಅಂತ ತಿಳಕೊಂಡೆ."

ಸೀರೆ ಗೆಳೆಯನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಸರಿದು ಬಂದು ಮಗ್ಗದ ಗೆಳೆಯನ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತ. ನಾನು ತುಟಿಯಲ್ಲೇ ಕೇಳಿದೆ, "ರವಿವಾರ ಚಹಾದಂಗಡಿ ಕಟ್ಟಿಗಿ ಬರತೀ?"

ಅವನು ಕೈ ಝಾಡಿಸಿಕೊಂಡು ಎದ್ದು ನಿಂತ. "ಇವತ್ತ ರವಿವಾರ ಅಲ್ಲೇನಲೇ? ಏಳ್ರಿ ಲಗೂ. ಈಗ ಬಿಟ್ರ ಸಂಜಿಕ ಊರ ಮುಟ್ಟತೀವಿ."