ಮೂವತ್ತು ಪಟ್ಟು ಹತ್ತಿರ

ಮೊನ್ನೆ ನೀರಿನ ಬಿಲ್ಲು ಹುಡುಕುತ್ತ ಬೀರುವಿನ ಕೆಳಖಾನೆಗೆ ಕೈ ಹಾಕಿದಾಗ ಪುಟ್ಟದೊಂದು ಬಿಳಿ ಪೊಟ್ಟಣ ಸಿಕ್ಕಿತು. ಹೊಸ ಸಾಮಾನಿನ ಡಬ್ಬಿಯಲ್ಲಿ ತೇವ ಹೀರಲೆಂದು ಇಟ್ಟಿರುತ್ತಾರಲ್ಲ, ಒಳಗೆ ಸಾಬಕ್ಕಿಯಂಥ ಕಾಳು, ಹೊರಗೆ ತಿನ್ನಬೇಡಿ ಎಂಬ ಎಚ್ಚರಿಕೆ, ಅಂಥದ್ದು. ನೀವಾಗಿದ್ದರೆ ಎಸೆದುಬಿಡುತ್ತಿದ್ದಿರಿ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಹನ್ನೆರಡು ವರ್ಷದ ಹಿಂದೆ ಒಂದು ಕ್ಯಾಮೆರಾದ ಜತೆ ನಮ್ಮ ಮನೆಗೆ ಬಂದ ಪೊಟ್ಟಣ ಅದು. ಆ ಕ್ಯಾಮೆರಾದ ಕಥೆಯನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿದವನಲ್ಲ. ಹೇಳಿದಷ್ಟರಲ್ಲೂ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡೇ ಹೇಳಿದ್ದೇನೆ.

ನಾನು ಆಗ ಬೇಲೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಹುಟ್ಟಿದ್ದು ಹಾರನಹಳ್ಳಿ, ಕೆಲಸ ಸಿಕ್ಕ ಮೇಲೆ ಬೇಲೂರು. ದೇವಸ್ಥಾನದ ಹಿಂದಿನ ಬೀದಿಯಲ್ಲೇ ಮನೆ. ಹೊರಗಿನವರು ಬಸ್ಸು ಮಾಡಿಕೊಂಡು ಬಂದು ನೋಡುವುದನ್ನು ನಾವು ತರಕಾರಿ ಚೀಲ ಹಿಡಿದು ಹಾಯ್ದುಹೋಗುವವರು. ಹೀಗಿರುವಾಗ ಒಂದು ದಿನ ಚರಿತ್ರೆಯ ಉಪನ್ಯಾಸಕರಾದ ಚಂದ್ರಶೇಖರ್ ಮೇಷ್ಟ್ರು ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಸೂರಿನ ಕೆಳಗಿನ ಒಂದು ಶಿಲಾಬಾಲಿಕೆ. ಅವಳ ತಲೆಯ ಮೇಲಿನ ಬಳ್ಳಿಯಲ್ಲಿ ಒಂದು ಹಲಸಿನ ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ನೊಣಕ್ಕೆ ಹೊಂಚು ಹಾಕಿದ ಒಂದು ಹಲ್ಲಿ. ಎಲ್ಲರೂ ಬಗ್ಗಿ ನೋಡಿದರು. ಪ್ರಿನ್ಸಿಪಾಲರು ಕನ್ನಡಕ ಬದಲಿಸಿಕೊಂಡು ಇನ್ನೊಮ್ಮೆ ನೋಡಿದರು. ಇಪ್ಪತ್ತು ವರ್ಷ ಅದರ ಕೆಳಗೇ ಓಡಾಡಿದ ನಾನು ಆ ನೊಣವನ್ನು ಕಂಡಿರಲಿಲ್ಲ. ಮೇಷ್ಟ್ರು ಊರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ.

ಹೊಟ್ಟೆಕಿಚ್ಚು ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿಲ್ಲ. ಅದು ನಿಜವಾಗಿಯೂ ಹೊಟ್ಟೆಯಲ್ಲೇ ಹತ್ತುತ್ತದೆ, ಊಟದ ಡಬ್ಬಿ ತೆರೆದರೆ ಹಸಿವಿರುವುದಿಲ್ಲ. ಅವರ ಕ್ಯಾಮೆರಾ ಎಷ್ಟು ದೂರದ್ದನ್ನು ಹತ್ತಿರ ತರುತ್ತದೆ ಎಂದು ಏನೂ ಅಲ್ಲವೆಂಬಂತೆ ವಿಚಾರಿಸಿದೆ. ಹನ್ನೆರಡು ಪಟ್ಟು ಎಂದರು. ಅಂದು ಸಂಜೆ ಮನೆಗೆ ಬರುವಷ್ಟರಲ್ಲಿ ನನ್ನದು ಮೂವತ್ತು ಪಟ್ಟಿನದಾಗಿರಬೇಕು ಎಂದು ತೀರ್ಮಾನವಾಗಿತ್ತು.

ಆಮೇಲೆ ನಾಲ್ಕು ತಿಂಗಳು ನಾನು ಬೇರೆ ಯಾವ ಯೋಚನೆಯನ್ನೂ ಮಾಡಲಿಲ್ಲ. ಪತ್ರಿಕೆಗಳ ಜಾಹೀರಾತು ಕತ್ತರಿಸಿಟ್ಟೆ. ಸೈಬರ್ ಸೆಂಟರಿನಲ್ಲಿ ಕೂತು ಪರಿಚಯವಿಲ್ಲದವರು ಬರೆದ ಅಭಿಪ್ರಾಯಗಳನ್ನು ಪರೀಕ್ಷೆಗೆ ಓದುವವನಂತೆ ಓದಿ ನೋಟ್‌ಬುಕ್ಕಿಗೆ ಇಳಿಸಿದೆ. ಲೆನ್ಸು ಬದಲಿಸುವಂಥ ದೊಡ್ಡ ಕ್ಯಾಮೆರಾ ನಮ್ಮಂಥವರ ಕೈಗೆ ಎಟುಕುವುದಲ್ಲ ಎಂಬುದು ಮೊದಲ ದಿನವೇ ತಿಳಿಯಿತು. ಲೆನ್ಸು ಅಂಟಿಕೊಂಡೇ ಇರುವ, ಆದರೆ ಉದ್ದಕ್ಕೆ ಚಾಚಿಕೊಳ್ಳುವ ಜಾತಿಯೊಂದಿದೆ, ಅದು ನಮ್ಮಂಥವರಿಗೆ ಎಂದು ಎರಡನೆಯ ವಾರ ತಿಳಿಯಿತು. ನನ್ನ ಹೆಂಡತಿ ಗಿರಿಜೆಗೆ ರಾತ್ರಿ ಊಟದ ಹೊತ್ತಿನಲ್ಲಿ ಇದೆಲ್ಲ ವರದಿಯಾಗುತ್ತಿತ್ತು. ಅವಳು ಗೆಂಡೆಹಳ್ಳಿ ಕಡೆಯ ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರು. ದಿನವಿಡೀ ಹಳ್ಳಿ ಸುತ್ತಿ ಬಂದವಳು ಪಾಪ, ತಲೆಯಾಡಿಸುತ್ತ ಅನ್ನ ಬಡಿಸುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಇಬ್ಬರೂ ಅರಸೀಕೆರೆಗೆ ಹೋದೆವು. ಅಲ್ಲಿ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಕರೀಂ ಸಾಹೇಬರ ಸ್ಟುಡಿಯೋ. ನಮ್ಮ ಮದುವೆಯ ಫೋಟೋ ತೆಗೆದವರು ಅವರೇ. ಸ್ಟುಡಿಯೋ ವ್ಯಾಪಾರ ಇಳಿಮುಖವಾದ ಮೇಲೆ ಕ್ಯಾಮೆರಾ ಮಾರುವುದನ್ನೂ ಶುರುಮಾಡಿದ್ದರು. ನಾನು ನೋಟ್‌ಬುಕ್ಕು ಬಿಚ್ಚಿದೆ. ಅವರು ಅದನ್ನು ಮೃದುವಾಗಿ ಮುಚ್ಚಿಟ್ಟು, ಒಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಎದುರಿನ ಹೋಟೆಲಿನ ಬೋರ್ಡು ತೆಗೆಯಿರಿ ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಕೈ ನಡುಗುತ್ತದೆ. ಕಾಯಿಲೆಯಲ್ಲ, ವಂಶದ ಬಳುವಳಿ; ನಮ್ಮ ತಂದೆಗೂ ಇತ್ತು. ತುಂಬಿದ ಲೋಟ ಹಿಡಿಯುವಾಗ, ಸಹಿ ಮಾಡುವಾಗ, ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದಾಗ ಹೆಚ್ಚು. ಬೋರ್ಡಿನ ಅಕ್ಷರಗಳು ತೆರೆಯ ಮೇಲೆ ಇರುವೆ ಸಾಲಿನಂತೆ ಹರಿದಾಡಿದವು. ಸಾಹೇಬರು ನನ್ನ ಮುಖ ನೋಡದೆ ಹೇಳಿದರು:

“ಜೂಮ್ ಮೂವತ್ತು ಪಟ್ಟು ಆದ್ರೆ ಕೈ ನಡುಕಾನೂ ಮೂವತ್ತು ಪಟ್ಟು ಆಗ್ತದೆ ಸ್ವಾಮಿ. ಅದಕ್ಕೇ ಅಲುಗಾಟ ತಡೆಯೋದು ಲೆನ್ಸ್ ಒಳಗೇ ಇರೋದನ್ನ ತಗೊಳ್ಳಿ. ಆದ್ರೆ ಅದು ಸಣ್ಣಪುಟ್ಟ ಅಲುಗಾಟಕ್ಕೆ. ಭೂಕಂಪಕ್ಕಲ್ಲ.”

ಡಿಜಿಟಲ್ ಜೂಮ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದದ್ದನ್ನು ನಂಬಬೇಡಿ ಎಂದೂ ಹೇಳಿದರು. ಅದು ಇದ್ದ ಹಿಟ್ಟನ್ನೇ ಲಟ್ಟಿಸಿ ಚಪಾತಿ ದೊಡ್ಡದು ಮಾಡಿದ ಹಾಗೆ, ತೂತು ಬೀಳುತ್ತದಂತೆ. ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ್ದ ಮೂರರಲ್ಲಿ ಎರಡು ಅಲ್ಲೇ ಬಿದ್ದುಹೋದವು. ಉಳಿದದ್ದನ್ನು ಕಟ್ಟಿಸುವ ಮೊದಲು ಸಾಹೇಬರು ಅದನ್ನು ಸುಮ್ಮನೆ ಗಿರಿಜೆಯ ಕೈಗೂ ಕೊಟ್ಟರು. ಅವಳು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಒಮ್ಮೆ ಒತ್ತಿದಳು. ಬೋರ್ಡಿನ ಮೇಲೆ ಕೂತಿದ್ದ ಕಾಗೆಯ ಕಣ್ಣು ಕೂಡ ಕಾಣುತ್ತಿತ್ತು. ಅಮ್ಮೋರ ಕೈ ಕಲ್ಲು ಇದ್ದಂಗೈತೆ ಎಂದು ಸಾಹೇಬರು ಹೊಗಳಿದರು. ಮಕ್ಕಳ ತೊಡೆಗೆ ಸೂಜಿ ಚುಚ್ಚಿ ಚುಚ್ಚಿ ಬಂದ ಅಭ್ಯಾಸ ಎಂದು ಅವಳು ನಕ್ಕಳು. ನಾನೂ ನಕ್ಕೆ. ಡಬ್ಬಿಯನ್ನು ಮಾತ್ರ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಇಟ್ಟುಕೊಂಡೆ.

ಮುಂದಿನದನ್ನು ನೀವು ಊಹಿಸಿರಬಹುದು. ನೊಣಕ್ಕೆಂದು ನಾನು ನೂರಾರು ಸಲ ಗುರಿಯಿಟ್ಟೆ. ಮುಕ್ಕಾಲಿ ಸ್ಟ್ಯಾಂಡು ಒಳಗೆ ತರುವ ಹಾಗಿಲ್ಲ ಎಂದು ದೇವಸ್ಥಾನದ ಕಾವಲುಗಾರ ತಡೆದ. ಕಂಬಕ್ಕೆ ಒರಗಿ ನೋಡಿದೆ, ನೆಲದ ಮೇಲೆ ಅಂಗಾತ ಮಲಗಿಯೂ ನೋಡಿದೆ. ಹಲಸಿನ ಹಣ್ಣು ಬಂತು, ಹಲ್ಲಿಯ ಬಾಲ ಬಂತು, ನೊಣವಿರಬೇಕಾದ ಜಾಗದಲ್ಲಿ ಮಸಿ ಚೆಲ್ಲಿದಂತೆ ಏನೋ ಬಂತು. ಗಿರಿಜೆ ಒಂದು ಸಂಜೆ ಹೂ ಕೊಳ್ಳಲು ಬಂದವಳು ಕ್ಯಾಮೆರಾ ಇಸಿದುಕೊಂಡು ಎರಡೇ ಸಲ ಒತ್ತಿದಳು. ಎರಡರಲ್ಲೂ ನೊಣವಿತ್ತು, ಒಂದರಲ್ಲಿ ಅದರ ರೆಕ್ಕೆಯ ಗೆರೆ ಕೂಡ. ಮುಂದಿನ ವಾರ ಹಳೇಬೀಡಿನ ಕೆರೆಯ ದಡದಲ್ಲೂ ಹಾಗೆಯೇ ಆಯಿತು. ನನ್ನ ಮಿಂಚುಳ್ಳಿ ನೀಲಿ ಮಸುಕು. ಅವಳ ಮಿಂಚುಳ್ಳಿಯ ಕೊಕ್ಕಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ನಗೆಯ ಕಥೆಯಾಗಿ ಮುಗಿಯುತ್ತಿತ್ತು. ನಾನು ನೊಣದ ಫೋಟೋವನ್ನು ಕಾಲೇಜಿಗೆ ಒಯ್ದೆ. ಯಾರು ತೆಗೆದದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಂದ್ರಶೇಖರ್ ಮೇಷ್ಟ್ರು ಬಹಳ ಹೊತ್ತು ನೋಡಿ, ನನ್ನದಕ್ಕಿಂತ ಇದು ಎಷ್ಟೋ ಮೇಲು ಎಂದು ಮನಸಾರೆ ಹೇಳಿದರು. ಆ ಮಾತಿಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ. ಫೋಟೋ ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಹೋಯಿತು, ಕೆಳಗೆ ನನ್ನ ಹೆಸರು. ಸಂಚಿಕೆ ಮನೆಗೆ ಬಂದಾಗ ಗಿರಿಜೆ ಮುಖಪುಟ ನೋಡಿದಳು, ಕೆಳಗಿನ ಹೆಸರು ನೋಡಿದಳು, ಅಚ್ಚು ಚೆನ್ನಾಗಿ ಬಂದಿದೆ ಎಂದು ಹೇಳಿ ಒಲೆಯ ಮೇಲಿನ ಹಾಲು ನೋಡಲು ಹೋದಳು. ಬೈದಿದ್ದರೆ ನಾನು ವಾದ ಮಾಡಬಹುದಿತ್ತು.

ಕದ್ದದ್ದು ನಾನು, ಸಿಟ್ಟು ಬಂದದ್ದು ಅವಳ ಮೇಲೆ. ಮನುಷ್ಯನ ಮನಸ್ಸು ಹೀಗೇಕೆ ಕೆಲಸ ಮಾಡುತ್ತದೋ ನನಗೆ ಇಂದಿಗೂ ಬಗೆಹರಿದಿಲ್ಲ. ಮೇಷ್ಟ್ರ ಮೇಲಿದ್ದ ಕಿಚ್ಚು ಅವರನ್ನು ಬಿಟ್ಟು ನಮ್ಮ ಅಡುಗೆಮನೆಗೇ ಬಂದು ಕೂತಿತು. ಅವಳು ಚಕ್ಕುಲಿ ಒತ್ತುವಾಗ, ದೀಪಕ್ಕೆ ಎಣ್ಣೆ ಹೊಯ್ಯುವಾಗ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಅವಳು ಆಗೀಗ ಕ್ಯಾಮೆರಾವನ್ನು ತನ್ನ ಕೆಲಸದ ಚೀಲದಲ್ಲಿಟ್ಟುಕೊಂಡು ಹಳ್ಳಿಗೆ ಒಯ್ಯಲು ಶುರುಮಾಡಿದ್ದಳು. ಏನು ತೆಗೆಯುತ್ತಾಳೆಂದು ನಾನು ಕೇಳಲಿಲ್ಲ. ಒಳ್ಳೆಯದನ್ನೇ ತೆಗೆದಿರುತ್ತಾಳೆಂಬ ಭಯ. ಒಂದು ದಿನ ಅದರ ಲೆನ್ಸು ಸಿಕ್ಕಿಕೊಂಡಿದೆ, ಕರೀಂ ಸಾಹೇಬರ ಹತ್ತಿರ ರಿಪೇರಿಗೆ ಕೊಟ್ಟಿದ್ದೇನೆ ಎಂದು ಹೇಳಿ, ಕ್ಯಾಮೆರಾವನ್ನು ಆಫೀಸಿನ ನನ್ನ ಡ್ರಾಯರಿನಲ್ಲಿ ಹಳೆಯ ಹಾಜರಿ ಪುಸ್ತಕಗಳ ಕೆಳಗಿಟ್ಟು ಬೀಗ ಹಾಕಿದೆ. ಅವಳು ಎರಡು ಸಲ ವಿಚಾರಿಸಿದಳು. ಎರಡು ಸಲವೂ ಬಿಡಿಭಾಗ ಬಂದಿಲ್ಲವಂತೆ ಎಂದೆ. ಮೂರನೆಯ ಸಲ ವಿಚಾರಿಸಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಅಕ್ಕನ ಮನೆಗೆಂದು ಅರಸೀಕೆರೆಗೆ ಹೋದವನು ಸ್ಟುಡಿಯೋದ ಮುಂದೆ ಹಾಯ್ದೆ. ಸಾಹೇಬರು ಕರೆದು ಕೂರಿಸಿ, ಅಮ್ಮೋರು ಹಿಂದೆ ಹಾಕಿಸಲು ಕೊಟ್ಟಿದ್ದ ಪ್ರಿಂಟುಗಳು ಎಂದು ಒಂದು ಲಕೋಟೆ ಕೊಟ್ಟರು. ಬಿಚ್ಚಿದೆ. ಎಲ್ಲ ಕೂಸುಗಳು. ಅಮ್ಮನ ಹೆಗಲ ಮೇಲೆ, ಜಗಲಿಯ ಅಂಚಿನಲ್ಲಿ, ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ. ಎಲ್ಲವೂ ನಗುತ್ತಿದ್ದವು, ಒಂದೂ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಸಾಹೇಬರು ನನಗೆ ಗೊತ್ತಿದೆ ಎಂದುಕೊಂಡೇ ಮಾತಾಡಿದರು. ಸಿಸ್ಟರನ್ನು ಕಂಡರೆ ಸೂಜಿಯ ನೆನಪಾಗಿ ಮಕ್ಕಳು ಅಳುತ್ತವಲ್ಲ, ಹತ್ತಿರ ಹೋದರೆ ಅಳು ಬಿಟ್ಟು ಬೇರೆ ಕಾಣದು. ಅದಕ್ಕೇ ಅವಳು ದೂರದ ಮರದ ಮರೆಯಲ್ಲಿ ನಿಂತು ಜೂಮ್ ಹಾಕಿ ತೆಗೆಯುತ್ತಾಳಂತೆ. ಪ್ರಿಂಟು ತಾಯಂದಿರಿಗೆ ಕೊಡುತ್ತಾಳಂತೆ. ಎಷ್ಟೋ ಮನೆಗಳಲ್ಲಿ ಮಗುವಿನದೆಂದು ಇರುವ ಪಟ ಅದೊಂದೇ ಅಂತೆ.

ಆಮೇಲೆ ಅವರ ದನಿ ಸ್ವಲ್ಪ ತಗ್ಗಿತು.

“ಮೂರು ವಾರದ ಹಿಂದೆ ಅಮ್ಮೋರು ಬಂದಿದ್ರು. ಕ್ಯಾಮೆರಾ ರಿಪೇರಿ ಆಯ್ತಾ, ಇವತ್ತು ಹೆಂಗಾರ ಬೇಕಿತ್ತು ಅಂದ್ರು. ನಮ್ತಾವ ಬಂದೇ ಇಲ್ವಲ್ಲ ಅಂತ ನಾನು ಹೇಳ್ಬಿಟ್ಟೆ. ಈ ಪ್ರಿಂಟೂ ತಗೊಳ್ದೆ ಹೊರಟುಹೋದ್ರು. ತಪ್ಪಾಯ್ತೇನೋ.”

ಅಂದರೆ ಗಿರಿಜೆಗೆ ಮೂರು ವಾರದಿಂದ ಗೊತ್ತಿತ್ತು. ಮೂರು ವಾರ ಅವಳು ನನಗೆ ಡಬ್ಬಿ ಕಟ್ಟಿದ್ದಳು, ಅಂಗಿಗೆ ಗುಂಡಿ ಹಾಕಿದ್ದಳು. ಬೇಲೂರಿನ ಬಸ್ಸಿನಲ್ಲಿ ಲಕೋಟೆ ಹಿಡಿದು ಕೂತವನಿಗೆ ಹಳೇಬೀಡು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ನಾಚಿಕೆಯಾಗಿತ್ತು ಎಂದರೆ ಅರ್ಧ ನಿಜ. ಇನ್ನರ್ಧ ಆಗಲೂ ಹೊಟ್ಟೆಕಿಚ್ಚೇ. ನಾನು ಬೇರೆಯವರ ಕಣ್ಣಿಗೆ ಬೀಳಲೆಂದು ಮೂವತ್ತು ಪಟ್ಟು ಹುಡುಕಿದ್ದೆ. ಅದು ಯಾವುದಕ್ಕೆ ಬೇಕು ಎಂಬುದನ್ನು ಅವಳು ಕಂಡುಕೊಂಡಿದ್ದಳು.

ಆಫೀಸಿಗೆ ಹೋಗಿ ಡ್ರಾಯರಿನಿಂದ ಕ್ಯಾಮೆರಾ ತೆಗೆದುಕೊಂಡು ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಕೆಟ್ಟಿರಲಿಲ್ಲ ಎಂದೆ. ಗೊತ್ತು ಎಂದಳು. ಲಕೋಟೆಯನ್ನೂ ಅದರ ಪಕ್ಕದಲ್ಲಿಟ್ಟೆ. ಆಗ ಅವಳು ಹೇಳಿದಳು:

“ನೊಣದ ಫೋಟೋಗೆ ನಿಮ್ಮ ಹೆಸರು ಹಾಕ್ಕೊಂಡ್ರಲ್ಲ, ಅದಕ್ಕೆ ನಂಗೆ ಬೇಜಾರಿಲ್ಲ ಕಣ್ರೀ. ಪುಟ್ಟಮ್ಮಜ್ಜಿಗೆ ಮಾತು ಕೊಟ್ಟಿದ್ದೆ. ಅದು ತಪ್ಪಿಹೋಯ್ತು.”

ಪುಟ್ಟಮ್ಮಜ್ಜಿ ಗೆಂಡೆಹಳ್ಳಿಯ ಆಚೆಯ ಊರಿನವಳು. ಮಗಳು ಅಳಿಯ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಯ ಕೆಲಸಕ್ಕೆ ಹೊರಟಿದ್ದರು, ಎಂಟು ತಿಂಗಳ ಕೂಸಿನ ಜತೆ. ಹೋಗುವುದರೊಳಗೆ ಕೂಸಿನ ಒಂದು ಪಟ ತೆಗೆದುಕೊಡು ತಾಯಿ ಎಂದು ಅಜ್ಜಿ ಕೇಳಿದ್ದಳಂತೆ. ಆ ಕಾಲಕ್ಕೆ ಆ ಮನೆಯಲ್ಲಿ ಪಟ ತೆಗೆಯುವ ಫೋನು ಇರಲಿಲ್ಲ. ಗಿರಿಜೆ ಅರಸೀಕೆರೆಗೆ ಓಡಿದ್ದು ಅದಕ್ಕೆ. ಬರಿಗೈಯಲ್ಲಿ ವಾಪಸು ಬರುವಷ್ಟರಲ್ಲಿ ಅವರು ಬಸ್ಸು ಹತ್ತಿದ್ದರು.

ಮರುದಿನ ರಜೆ ಹಾಕಿ ನಾನೂ ಅವಳ ಜತೆ ಹೋದೆ. ಪುಟ್ಟಮ್ಮಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಗಿರಿಜೆ ಏನೂ ಹೇಳುವುದು ಬೇಡ ಎಂಬಂತೆ ನನ್ನ ಕಡೆ ನೋಡಿದಳು, ಆದರೂ ನಾನು ಹೇಳಿದೆ. ಕ್ಯಾಮೆರಾ ಕೆಟ್ಟಿರಲಿಲ್ಲ, ನಾನೇ ಬಚ್ಚಿಟ್ಟಿದ್ದೆ, ಸಿಸ್ಟರು ನನಗಿಂತ ಚೆನ್ನಾಗಿ ಪಟ ತೆಗೆಯುತ್ತಾರೆಂದು ಸಹಿಸಲಾಗಲಿಲ್ಲ ಎಂದೆ. ಬಾಯಿಬಿಟ್ಟು ಹೇಳಿದಾಗ ಎಷ್ಟು ಸಣ್ಣ ಕಾರಣ ಅನ್ನಿಸಿತು. ಅಜ್ಜಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನನ್ನನ್ನು ಕ್ಷಮಿಸಿದಳೆಂದೂ ಹೇಳಲಾರೆ, ಆ ಗೋಜಿಗೆ ಅವಳು ಹೋಗಲಿಲ್ಲ. ಉಳಿದ ನಾಲ್ಕು ಕಾಯಿ ಮುಗಿಸಿ, ಮಡಿಲಿನ ಸಿಪ್ಪೆ ಕೊಡವಿ ಎದ್ದಳು.

“ಮಗೀನ ಪಟ ನನ್ತಾವ ಇಲ್ದಿದ್ರೆ ಹೋಗ್ಲಿ. ನನ್ ಪಟಾನಾದ್ರೂ ಅದ್ರತಾವ ಇರ್ಲಿ. ಬೆಳೆಯೋ ಕೂಸು, ಅಜ್ಜಿ ಯಾರು ಅಂತ ಕೇಳ್ತೈತೆ. ತೆಗಿಯವ್ವ.”

ಒಳಗೆ ಹೋಗಿ ಮುಖ ತೊಳೆದು, ಸೀರೆ ಬದಲಿಸಿಕೊಂಡು ಬಂದು ಗೋಡೆಗೆ ಒರಗಿ ನಿಂತಳು. ಗಿರಿಜೆ ಜೂಮ್ ಹಾಕಲಿಲ್ಲ, ಎರಡು ಮಾರು ದೂರದಲ್ಲಿ ನಿಂತಳು. ನಾನು ಬಿಸಿಲು ಅಜ್ಜಿಯ ಕಣ್ಣಿಗೆ ಹೊಡೆಯದಂತೆ ಒಂದು ಮೊರ ಎತ್ತಿ ಹಿಡಿದೆ. ಮೊರ ನಡುಗುತ್ತಿತ್ತು, ನೆರಳೂ ನಡುಗುತ್ತಿತ್ತು. ಒಂದು ಕ್ಷಣ ಸುಮ್ನಿರ್ರೀ ಎಂದಳು ಗಿರಿಜೆ. ಉಸಿರು ಬಿಗಿಹಿಡಿದೆ. ಆ ಪಟವನ್ನು ಸಾಹೇಬರಲ್ಲಿ ದೊಡ್ಡದು ಮಾಡಿಸಿ ತಿರುಪ್ಪೂರಿಗೆ ಅಂಚೆಯಲ್ಲಿ ಕಳಿಸಿದೆವು. ತಲುಪಿತೆಂದು ಅಳಿಯ ಒಂದು ಕಾಗದ ಬರೆಸಿದ್ದ. ಚಂದ್ರಶೇಖರ್ ಮೇಷ್ಟ್ರಿಗೂ ಹೋಗಿ ನೊಣದ ಸತ್ಯ ಹೇಳಿದೆ. ಅವರು ನನ್ನ ಕೈಯಲ್ಲಿ ತುಳುಕುತ್ತಿದ್ದ ಟೀ ಲೋಟ ಇಸಿದುಕೊಂಡು ಮೇಜಿನ ಮೇಲಿಟ್ಟು, ತಮಗೆ ಮೊದಲೇ ಅನುಮಾನವಿತ್ತು ಎಂದಷ್ಟೇ ಹೇಳಿದರು. ಮುಂದಿನ ವರ್ಷದ ಸಂಚಿಕೆಯಲ್ಲಿ ಮಿಂಚುಳ್ಳಿ ಬಂತು, ಸರಿಯಾದ ಹೆಸರಿನಲ್ಲಿ.

ಈಗ ಗಿರಿಜೆಗೆ ನಿವೃತ್ತಿ ಹತ್ತಿರವಾಗಿದೆ. ಆ ಕಡೆಯ ಊರುಗಳ ಮದುವೆಗಳಿಗೆ ಹೋದರೆ ನನ್ನನ್ನು ಫೋಟೋ ಸಿಸ್ಟರ್ ಯಜಮಾನ್ರು ಎಂದು ಪರಿಚಯಿಸುತ್ತಾರೆ. ಕಿಚ್ಚು ಪೂರ್ತಿ ಆರಿದೆ ಎಂದು ನಿಮಗೆ ಸುಳ್ಳು ಹೇಳಲಾರೆ. ಊಟ ಮಾತ್ರ ಈಗ ಸೇರುತ್ತದೆ. ಹಳೆಯ ಕ್ಯಾಮೆರಾದ ಲೆನ್ಸು ಕಳೆದ ತಿಂಗಳು ನಿಜವಾಗಿಯೂ ಸಿಕ್ಕಿಕೊಂಡಿತು. ಎಲ್ಲರೂ ಫೋನಿನಲ್ಲೇ ತೆಗೆಯುವ ಈ ಕಾಲದಲ್ಲಿ ಅವಳಿಗೆ ಇನ್ನೊಂದು ಅಂಥದ್ದೇ ಬೇಕಂತೆ. ನಾಳೆ ಬೆಳಿಗ್ಗೆ ಹಾಸನಕ್ಕೆ ಹೊರಟಿದ್ದೇವೆ. ಅಂಗಡಿಯವನು ಎಲ್ಲರಂತೆ ಕ್ಯಾಮೆರಾವನ್ನು ಗಂಡಸಿನ ಕಡೆಗೇ ಚಾಚುತ್ತಾನೆ. ಆಗ ನಾನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿರಬೇಕು. ಇಂದು ಬೆಳಿಗ್ಗೆಯಿಂದ ಎರಡು ಸಲ ಹಾಗೆ ನಿಂತು ನೋಡಿದ್ದೇನೆ. ಅಂದುಕೊಂಡಷ್ಟು ಸುಲಭವಿಲ್ಲ.